ಗಂಡಸ್ತನಕ್ಕೆ ಒಗ್ಗರಣೆ

ಮಾನ ಮುಚ್ಚಿಕೊಳ್ಳಲು ಹೋದಾಗಲೇ ಅದು ಹರಾಜಾಗುವುದು ನಮ್ಮ ಮನೆತನದ ಪದ್ಧತಿ. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ಗೆ ಬಂದು ನೆಲೆಸಿದ ಮೇಲೂ ಅದು ತಪ್ಪಲಿಲ್ಲ. ಒಂದು ಇಟಾಲಿಯನ್ ಕಾದಂಬರಿ ಮನೆಗೆ ಬಂದ ಆ ಬೇಸಿಗೆಯಲ್ಲಂತೂ ಕೇಳಲೇಬೇಡಿ.

ಚಿತ್ರಗಿತ್ರ ಇದೆಯಾ?

ನಾವು ನಾಲ್ಕೈದು ಕನ್ನಡದ ಸಂಸಾರಗಳು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ನೆಪದಲ್ಲಿ ಹರಟುತ್ತಿದ್ದೆವು. ಆ ಸಲ ಲೈಬ್ರರಿಯಿಂದ ತಂದದ್ದು ಇಟಾಲಿಯನ್ ಕಾದಂಬರಿಯೊಂದರ ಇಂಗ್ಲಿಷ್ ಅನುವಾದ. ಅದರ ನಾಯಕನನ್ನು ಊರೆಲ್ಲ ಗಂಡುಗಲಿ ಎಂದು ನಂಬಿದೆ. ಅವನಿಗೋ ಬೇಕಾದದ್ದು ಮಧ್ಯಾಹ್ನದ ನಿದ್ದೆ ಮಾತ್ರ. ಊರಿಗೆ ಹೆದರಿ ಮೀಸೆ ತಿರುವುತ್ತಲೇ ಪಾಪ ಆಯುಸ್ಸು ಕಳೆಯುತ್ತಾನೆ.

ಹತ್ತಿರದ ಮೆನ್ಲೋ ಪಾರ್ಕ್ ಊರಿನಲ್ಲಿದ್ದ ಬೆಂಗಳೂರಿನ ಗೆಳೆಯನಿಗೆ ಫೋನು ಮಾಡಿ, "ಈ ಸಲದ ಪುಸ್ತಕ ಗಂಡಸ್ತನದ ಬಗ್ಗೆ ಕಣಯ್ಯಾ" ಎಂದೆ.

ಅತ್ತಲಿಂದ ಪಿಸುದನಿ ಬಂತು: "ಮೆಲ್ಲಗೆ ಮಾತಾಡೋ, ಹೆಂಡ್ತಿ ಇಲ್ಲೇ ಇದಾಳೆ. ಚಿತ್ರಗಿತ್ರ ಇದೆಯಾ?"

ಖಾರದ ಸಾರು

ನನ್ನ ಹೆಂಡತಿ ಮೈಸೂರಿನವಳು, ಡಾಕ್ಟರು. ಎಂಥ ರೋಗಿಯನ್ನೂ ಉಳಿಸುತ್ತಾಳೆ, ಒಗ್ಗರಣೆ ಮಾತ್ರ ಅವಳ ಕೈಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಅಡುಗೆ ನನ್ನದು, ನನಗೆ ಅದು ಇಷ್ಟವೂ ಹೌದು. ಗಂಟಲಲ್ಲಿ ಕಡುಬು ಸಿಕ್ಕಿಕೊಂಡದ್ದು ಆ ಬೇಸಿಗೆ ಧಾರವಾಡದಿಂದ ಅವ್ವ ಬಂದಾಗ. ಏರ್‌ಪೋರ್ಟಿನಿಂದ ಬರುವಾಗ ಫ್ರೀವೇ ಮೇಲೇ ಕೇಳಿದಳು: "ಇಲ್ಲೆ ಗಂಡಸರೂ ಅಡಗಿ ಮಾಡ್ತಾರಂತ? ನೀ ಮಾಡಂಗಿಲ್ಲ ಹೌದಿಲ್ಲೋ?"

"ಒಲಿ ಎಲ್ಲಿ ಅದ ಅಂತನೂ ನನಗ ಗೊತ್ತಿಲ್ಲವ್ವಾ" ಎಂದೆ.

ಅವತ್ತಿನಿಂದ ಅವ್ವ ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ನನ್ನ ಅಡುಗೆ ಮುಗಿಯಬೇಕು. ಅವಳು ಹೊರಬರುವ ಸದ್ದಾದರೆ ಏಪ್ರನ್ನು ಹೆಂಡತಿಯ ಕೊರಳಿಗೆ, ಪೇಪರು ನನ್ನ ಕೈಗೆ. ನನ್ನ ಮಾನ ಹಾಳಾಗಲಿ, ಅವ್ವ ಸೊಸೆಯ ಮೇಲೆ ಮುನಿಸಿಕೊಂಡು ವಾಪಸು ಹೋದರೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಒಂದು ದಿನ ಊಟಕ್ಕೆ ಕೂತಾಗ ಐದು ವರ್ಷದ ಮಗಳು ಕೂಗಿಬಿಟ್ಟಳು: "ಡ್ಯಾಡಿ ಮೇಡ್ ಇಟ್ ಟೂ ಸ್ಪೈಸಿ!"

"ಏನಂತದ ಕೂಸು?" ಎಂದಳು ಅವ್ವ.

"ಡ್ಯಾಡಿ ಥರಾನೇ ನಂಗೂ ಖಾರ ಇಷ್ಟ ಅಂತಿದಾಳೆ, ಅತ್ತೆ" ಎಂದಳು ನನ್ನ ಹೆಂಡತಿ.

ಅವ್ವ ಹಿಗ್ಗಿ ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು.

ಕದವಿಲ್ಲದ ಅಡುಗೆಮನೆ

ಆ ತಿಂಗಳ ಹರಟೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ. ಅಡುಗೆಯೆಲ್ಲ ಕದ್ದು ಮುಗಿಸಿ, ಹುಳಿಯ ಒಗ್ಗರಣೆಯೊಂದನ್ನು ಹೆಂಡತಿಗೆ ಬಿಟ್ಟಿದ್ದೆ. ಅವ್ವನೆದುರು ಅಡುಗೆಯೆಲ್ಲ ಅವಳೇ ಮಾಡಿದಂತೆ ಕಾಣಬೇಕಲ್ಲ!

ಅವ್ವ ಸೋಫಾದ ಮೇಲೆ, ಗೆಳೆಯರು ಕಾರ್ಪೆಟ್ಟಿನ ಮೇಲೆ. ನಾನು ಪುಸ್ತಕ ಹಿಡಿದು ಭಾಷಣಕ್ಕೆ ನಿಂತೆ. "ಈ ನಾಯಕ ತನಗಿಷ್ಟ ಬಂದ ಹಾಗೆ ಬದುಕೋಕೆ ಯಾಕೆ ಹೆದರ್ತಾನೆ? ನಾಲ್ಕು ಜನ ಏನಂತಾರೋ ಅಂತ. ನಿಜವಾದ ಗಂಡಸು ಅಂದ್ರೆ..."

ಮೂಗಿಗೆ ವಾಸನೆ ಬಡಿಯಿತು.

"ಉರಿ ಸಣ್ಣ ಮಾಡೇ! ಸಾಸಿವೆ ಸೀದುಹೋಯ್ತು!"

ಪುಸ್ತಕ ಎಸೆದು ಓಡಿದೆ. ಒಲೆ ಆರಿಸಿ, ಸೀದದ್ದನ್ನು ಚೆಲ್ಲಿ, ಸ್ಮೋಕ್ ಅಲಾರ್ಮು ಕೂಗುವ ಮೊದಲೇ ಅದರ ಕೆಳಗೆ ನಿಂತು ಟವೆಲು ಬೀಸಿ, ಹೊಸದಾಗಿ ಒಗ್ಗರಣೆ ಇಟ್ಟು ಇಂಗು ಹಾಕಿದೆ. ಚುಂಯ್ ಎಂದ ಮೇಲೆಯೇ ನನಗೆ ಎಚ್ಚರವಾದದ್ದು. ತಿರುಗಿ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಅವ್ವ ನಿಧಾನಕ್ಕೆ ಎದ್ದು ಬಂದಳು.

"ಬಂದ ದಿನಾನ ಗೊತ್ತಾಗಿತ್ತು ನನಗ. ನಿಮ್ಮಪ್ಪನ ಕೈರುಚಿ ನನಗ ತಿಳಿಯಂಗಿಲ್ಲೇನು?"

"ಅಪ್ಪಾ ಅಡಗಿ ಮಾಡ್ತಿದ್ದರೇನವ್ವಾ?"

"ಮತ್ತ? ನಾ ಮಾಡಿದ್ದು ಉಂಡಿದ್ರ ನೀವೆಲ್ಲಾ ಉಳೀತಿದ್ರೇನು? ಮಡಿ ಅಂತ ಹೇಳಿ ಅಡಗಿಮನಿ ಕದಾ ಹಾಕ್ಕೊಂಡು ಅವರು ಮಾಡ್ತಿದ್ರು, ನಾ ಹೊರಗ ಕಾವಲು ಕೂಡ್ತಿದ್ದೆ." ಅವ್ವ ಬಾಗಿಲೇ ಇಲ್ಲದ ನಮ್ಮ ಕಿಚನ್ನನ್ನು ಒಮ್ಮೆ ಸುತ್ತಲೂ ನೋಡಿದಳು. "ಇಂಜಿನಿಯರ್ ಆಗೀ ಅಂತ ಹೆಸರಿಗೆ. ಅಡಗಿಮನಿಗೆ ಕದಾ ಇರೋ ಮನಿ ಹಿಡೀಬೇಕು ಅನ್ನೋದು ತಿಳೀಲಿಲ್ಲೇನೋ ನಿನಗ?"