ಚೈತ್ರ ಸೇಲ್ ಮುಗಿಯುವವರೆಗೆ ಹಳದಿ ಸೀರೆ ಕೊಳ್ಳದಿರುವ ಕುರಿತು

ಇಲಾಖೆಯ ಕಾರ್ಯಾಲಯ
(ಇಲಾಖೆಗೆ ಹೆಸರಿಡುವ ಕೆಲಸವನ್ನು ಖರ್ಚಿನ ದೃಷ್ಟಿಯಿಂದ ಮುಂದೂಡಲಾಗಿದೆ)
ಎರಡನೇ ಮಹಡಿ, ಬೀರುವಿನ ಪಕ್ಕ, ಢಾಕುರಿಯಾ, ಕೋಲ್ಕತ್ತಾ

ಸಂಖ್ಯೆ: ಬೀರು/ಸೀರೆ/ಸಾಲಾನಂತರ/1
ದಿನಾಂಕ: ಚೈತ್ರ 18

ಸುತ್ತೋಲೆ

ವಿಷಯ: ಸಾಲ ತೀರಿಸಿದ ಸಿಬ್ಬಂದಿಯು ಚೈತ್ರ ಸೇಲ್ ಅವಧಿಯಲ್ಲಿ ಸೀರೆ ಅಂಗಡಿಗಳ ಎದುರು ನಡೆದುಕೊಳ್ಳತಕ್ಕ ರೀತಿ ಹಾಗೂ ಬೆಟ್ಟದ ಡಬ್ಬಿಯ ಸಂರಕ್ಷಣೆ ಕುರಿತು.

ಉಲ್ಲೇಖ:
1. ಇದೇ ವಿಷಯದ ಮೇಲೆ ಕಳೆದ ಚೈತ್ರದಲ್ಲಿ ಬೆಳಿಗ್ಗೆ ಹೊರಡಿಸಿ, ಅಂದೇ ಸಂಜೆ ಸಿಬ್ಬಂದಿಯು ಮುರಿದ ಸುತ್ತೋಲೆ.
2. ನೌಕರರ ಸಹಕಾರ ಸಂಘವು ನೀಡಿದ ಸಾಲ ತೀರುವಳಿ ಪತ್ರ.
3. ಶ್ರೀಮತಿ ಬೇಲಾರಾಣಿ ಭೌಮಿಕ್ ಅವರ ಮೌಖಿಕ ಅಭಿಪ್ರಾಯ: "ಹ್ಞೂಂ, ನೋಡೋಣ."

ಪ್ರಸ್ತಾವನೆ

ಈ ಇಲಾಖೆಯಲ್ಲಿ ಇರುವುದು ಒಬ್ಬರೇ ಸಿಬ್ಬಂದಿ. ಅವರ ಹೆಸರು ಸುದೇಷ್ಣಾ ಭೌಮಿಕ್, ಮನೆಯಲ್ಲಿ ಕರೆಯುವುದು ಟುಕು. ಇಲಾಖೆಯ ಮುಖ್ಯಸ್ಥೆಯೂ ಅವರೇ. ಹಗಲಿಡೀ ಸರ್ಕಾರಿ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತೆಯಾಗಿ ದುಡಿಯುವ ಇವರಿಗೆ ಬಾಯಿಮಾತಿನಲ್ಲಿ ಹೇಳಿದ ಬುದ್ಧಿ ನಾಟುವುದಿಲ್ಲವೆಂದು ಅನುಭವದಿಂದ ಕಂಡುಬಂದಿರುವ ಕಾರಣ, ಸುತ್ತೋಲೆಯ ಮೂಲಕವೇ ತಿಳಿಸಲಾಗುತ್ತಿದೆ. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆಯು ಈ ಮನೆಯ ಮಟ್ಟಿಗೆ ಮಗಳಿಗೆ ಅನ್ವಯಿಸತಕ್ಕದ್ದು.

ಸದರಿ ಸಿಬ್ಬಂದಿಯ ತಾಯಿಯಾದ ಶ್ರೀಮತಿ ಬೇಲಾರಾಣಿ ಭೌಮಿಕ್ ಅವರಿಗೆ ಡಾರ್ಜಿಲಿಂಗ್‌ಗೆ ಹೋಗಿ, ಬೆಳಗಿನ ಬಿಸಿಲು ಕಾಂಚನಗಂಗೆಯ ಮೇಲೆ ಬೀಳುವುದನ್ನು ನೋಡಬೇಕೆಂಬ ಆಸೆ ಬಹುಕಾಲದಿಂದ ಇರುತ್ತದೆ. ಇದಕ್ಕಾಗಿ ಅಡುಗೆಮನೆಯ ಕಪಾಟಿನಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಇರಿಸಿ, ಅದಕ್ಕೆ ಬೆಟ್ಟದ ಡಬ್ಬಿ ಎಂದು ಹೆಸರಿಡಲಾಗಿದೆ. ಪ್ರತಿ ವರ್ಷವೂ ಸದರಿ ಡಬ್ಬಿಯು ತುಂಬುತ್ತಾ ಬಂದು, ಬಂಗಾಳಿ ವರ್ಷದ ಕೊನೆಯ ತಿಂಗಳಾದ ಚೈತ್ರದಲ್ಲಿ ಗರಿಯಾಹಾಟ್‌ನ ಅಂಗಡಿಗಳು ಸೇಲ್ ಘೋಷಿಸಿದೊಡನೆ ಬರಿದಾಗುತ್ತಿದ್ದು, ಬೆಟ್ಟಕ್ಕೆ ಹೋಗಬೇಕಾದ ಹಣವು ಬೀರುವಿಗೆ ಹೋಗಿರುತ್ತದೆ. ಡಬ್ಬಿ ಸಾಲದೆ ಹೋದಾಗ ಸಾಲವನ್ನೂ ಮಾಡಲಾಗಿದೆ. ಈ ಬಗ್ಗೆ ನೆರೆಮನೆಯವರು ವಿಚಾರಿಸಿದಾಗ ಶ್ರೀಮತಿ ಬೇಲಾರಾಣಿಯವರು, "ಬೆಟ್ಟ ಎಲ್ಲೂ ಓಡಿ ಹೋಗಲ್ಲ ಬಿಡಮ್ಮ, ಮುಂದಿನ ವರ್ಷ ನೋಡ್ಕೊಂಡ್ರಾಯ್ತು" ಎಂದು ನಗುತ್ತಾ ಉತ್ತರಿಸಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಆ ನಗುವನ್ನು ಇಲಾಖೆಗೆ ಸಹಿಸಲಾಗಿಲ್ಲ.

ಫಾಲ್ಗುಣದ ಸಂಬಳದಲ್ಲಿ ಸಾಲದ ಕೊನೆಯ ಕಂತು ಕಡಿತಗೊಂಡಿದೆ. ವೈಶಾಖದ ಮೊದಲ ದಿನ, ಅಂದರೆ ಹೊಸ ವರ್ಷದಂದು, ಡಬ್ಬಿಯ ಹಣದಿಂದ ರೈಲು ಟಿಕೆಟ್ ತೆಗೆಸಲು ತೀರ್ಮಾನಿಸಲಾಗಿದೆ. ಅಲ್ಲಿಯವರೆಗೆ ಡಬ್ಬಿಯು ಉಳಿಯಬೇಕು. ಆದ್ದರಿಂದ ಈ ಕೆಳಕಂಡ ನಿಯಮಗಳು.

ನಿಯಮಗಳು

1. ಕಚೇರಿಯಿಂದ ಮನೆಗೆ ಬರುವ ಶೇರ್ ಆಟೋ ಗರಿಯಾಹಾಟ್ ಚೌಕವನ್ನು ಹಾದೇ ಬರುವುದರಿಂದ, ಸಿಬ್ಬಂದಿಯು ಹಿಂದಿನ ಸೀಟಿನ ನಟ್ಟನಡುವೆ, ಇಬ್ಬರು ದಪ್ಪನೆಯ ಪ್ರಯಾಣಿಕರ ಮಧ್ಯೆ, ಎರಡೂ ಬದಿಯ ಫುಟ್‌ಪಾತ್ ಕಾಣದಂತೆ ಕುಳಿತುಕೊಳ್ಳತಕ್ಕದ್ದು. ಸಾಕಷ್ಟು ದಪ್ಪನೆಯ ಪ್ರಯಾಣಿಕರು ದೊರೆಯದಿದ್ದಲ್ಲಿ ಆ ಆಟೋವನ್ನು ಬಿಟ್ಟು ಮುಂದಿನದಕ್ಕೆ ಕಾಯತಕ್ಕದ್ದು. ಕಾಯುವ ಸ್ಥಳವು ಸೀರೆ ಅಂಗಡಿಯ ಎದುರು ಇರತಕ್ಕದ್ದಲ್ಲ.

2. ಆಲೂಗಡ್ಡೆ ತರಲು ಗರಿಯಾಹಾಟ್‌ಗೇ ಹೋಗಬೇಕೆಂಬ ಸಿಬ್ಬಂದಿಯ ವಾದವನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಆಲೂಗಡ್ಡೆಯು ಮನೆಯ ಕೆಳಗಿನ ಗಾಡಿಯಲ್ಲೂ ದೊರೆಯುತ್ತದೆ.

3. 'ಸುಮ್ಮನೆ ನೋಡುವುದು' ಎಂಬುದಕ್ಕೆ ಇದುವರೆಗೆ ಸರಿಯಾದ ವ್ಯಾಖ್ಯಾನ ಇರಲಿಲ್ಲವಾಗಿ ಬಹಳ ಅನಾಹುತಗಳಾಗಿವೆ. ಇನ್ನು ಮುಂದೆ, ನಡೆಯುತ್ತಾ ನೋಡುವುದನ್ನು ಮಾತ್ರ ನೋಡುವುದೆಂದು ಪರಿಗಣಿಸಲಾಗುವುದು. ನಿಂತರೆ ಅದು ವಿಚಾರಣೆ. ಸೆರಗನ್ನು ಎರಡು ಬೆರಳಿನಿಂದ ಮುಟ್ಟಿದರೆ ಅದು ಮುಂಗಡ. "ಬೇರೆ ಬಣ್ಣ ಇದ್ಯಾ?" ಎಂದು ಕೇಳಿದರೆ ಶರಣಾಗತಿ.

4. ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಕಳೆದ ವರ್ಷ ಈ ಬಗ್ಗೆ ವಿವರಣೆ ಕೇಳಲಾಗಿ ಸಿಬ್ಬಂದಿಯು, "ಕೊಳ್ಳೋಕಲ್ಲ, ಅಳತೆ ಸರಿಹೋಗತ್ತಾ ಅಂತ ನೋಡ್ತಿದ್ದೆ" ಎಂದು ಉತ್ತರಿಸಿದ್ದರು. ಸೀರೆಗೆ ಅಳತೆ ನೋಡುವ ಪದ್ಧತಿ ಯಾವ ದೇಶದಲ್ಲೂ ಇಲ್ಲದಿರುವುದರಿಂದ ವಿವರಣೆಯನ್ನು ಒಪ್ಪಲಾಗಿಲ್ಲ.

5. "ಈ ಬಣ್ಣ ನನ್ನ ಹತ್ರ ಇಲ್ಲ" ಎಂಬ ಕಾರಣವನ್ನು ಇನ್ನು ಮುಂದೆ ಸ್ವೀಕರಿಸಲಾಗುವುದಿಲ್ಲ. ಬೀರುವಿನ ಗಣತಿ ಕೈಗೊಳ್ಳಲಾಗಿ ಸಾಸಿವೆ ಹೂವಿನ ಹಳದಿ, ಅರಿಶಿನದ ಹಳದಿ, ಮಾಗಿದ ಭತ್ತದ ಹಳದಿ, ಬೇಳೆಸಾರಿನ ಹಳದಿ ಹಾಗೂ 'ಹಳದಿಯಲ್ಲ, ಬಿಸಿಲಿನ ಬಣ್ಣ' ಎಂಬ ಹೆಸರಿನ ಹಳದಿ ಸೀರೆಗಳು ಪತ್ತೆಯಾಗಿವೆ. ಇವೆಲ್ಲವನ್ನೂ ಇಂದಿನಿಂದ ಒಂದೇ ಹಳದಿ ಎಂದು ಘೋಷಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸಲ್ಲಿಸಬಹುದು.

6. ಹೊಸ ನೂಲಿನ ಸೀರೆ ಕೊಳ್ಳಲು ಅನುಮತಿ ಬೇಕಾದಲ್ಲಿ, ಬೀರುವಿನಲ್ಲಿರುವ ಹಳೆಯ ನೂಲಿನ ಸೀರೆಗಳಿಗೆಲ್ಲ ಸ್ವಂತ ಕೈಯಿಂದ ಗಂಜಿ ಹಾಕಿ, ತಾರಸಿಯ ಬಿಸಿಲಿನಲ್ಲಿ ಒಣಗಿಸಿ, ಇಬ್ಬರು ಎರಡು ತುದಿ ಹಿಡಿದೆಳೆದು ಮಡಿಸಿ ಇಟ್ಟ ನಂತರ ಅರ್ಜಿ ಸಲ್ಲಿಸತಕ್ಕದ್ದು. ಎರಡನೇ ತುದಿ ಹಿಡಿಯುವವರು ಶ್ರೀಮತಿ ಬೇಲಾರಾಣಿಯವರೇ ಆಗಿದ್ದು, ಅವರಿಗೆ ಭುಜನೋವು ಇರುವುದರಿಂದ ಅನುಮತಿಯು ಸದ್ಯಕ್ಕೆ ದೊರೆಯುವ ಸಂಭವವಿಲ್ಲ.

7. ಫುಲಿಯಾ ಊರಿನಿಂದ ನೇಕಾರರ ಸೀರೆ ಗಂಟು ಹೊತ್ತು ಭಾನುವಾರ ಮಧ್ಯಾಹ್ನ ಬರುವ ಶ್ರೀ ನಿತಾಯಿ ಬಸಾಕ್ ಅವರಿಗೆ ಎಂದಿನಂತೆ ನೀರು, ಚಹಾ ಹಾಗೂ ಫ್ಯಾನಿನ ಗಾಳಿ ನೀಡತಕ್ಕದ್ದು. ಆದರೆ ಗಂಟು ಹೊಸ್ತಿಲ ಆಚೆ ಇರತಕ್ಕದ್ದು. "ತಗೋಬೇಡಿ ದೀದಿ, ಬರೀ ನೋಡಿ. ನೋಡೋಕೆ ನಾನು ಕಾಸು ಕೇಳ್ತೀನಾ?" ಎಂದಾಗ ಕಣ್ಣು ಮುಚ್ಚಿಕೊಳ್ಳತಕ್ಕದ್ದು. "ದುಡ್ಡಿಗೇನ್ ಅವಸರ, ಕಂತಲ್ಲಿ ಕೊಡಿ, ದುರ್ಗಾಪೂಜೆಗೆ ಕೊಡಿ, ಮನೆಯವರ ಥರ ಅಲ್ವಾ ನಾವು" ಎಂದಾಗ ಕಿವಿಯನ್ನೂ ಮುಚ್ಚಿಕೊಳ್ಳತಕ್ಕದ್ದು. ಎರಡನ್ನೂ ಒಟ್ಟಿಗೆ ಮುಚ್ಚಲು ಕೈ ಸಾಲದಿದ್ದಲ್ಲಿ ಅಡುಗೆಮನೆಗೆ ಹೋಗತಕ್ಕದ್ದು.

ಮಗಳ ಮದುವೆಯೆಂದು ಹೇಳಿ ಬಸಾಕ್ ಅವರು ಮೂರು ಬೇರೆ ಬೇರೆ ವರ್ಷಗಳಲ್ಲಿ ಸೀರೆ ಮಾರಿರುವ ಬಗ್ಗೆ ಇಲಾಖೆಯು ಗುಮಾನಿಯಿಂದ ತನಿಖೆ ನಡೆಸಿತ್ತು. ಅವರಿಗೆ ನಿಜಕ್ಕೂ ಮೂವರು ಹೆಣ್ಣುಮಕ್ಕಳಿರುವುದು ಕಂಡುಬಂದಿದ್ದು, ಇಲಾಖೆಯು ವಿಷಾದಿಸುತ್ತದೆ. ನಾಲ್ಕನೆಯವಳು ಇಲ್ಲವೆಂದು ಲಿಖಿತ ಖಾತ್ರಿ ಪಡೆಯಲಾಗಿದೆ.

8. ಹಾಲ್‌ಖಾತಾ: ಹೊಸ ವರ್ಷದಂದು ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿ, ಹಳೆಯ ಬಾಕಿ ತೀರಿಸಲು ಗಿರಾಕಿಗಳನ್ನು ಕರೆಯುವ ಸಂದರ್ಭದಲ್ಲಿ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು. ಕಳೆದ ವರ್ಷ ಸಿಬ್ಬಂದಿಯು ಶ್ರೀ ಗೌರಾಂಗ ಸಾಹಾ ಅವರ ಸೀರೆ ಅಂಗಡಿಗೆ ಹೋಗಿ, ಬಾಕಿಯನ್ನೆಲ್ಲ ತೀರಿಸಿ, ಸಿಹಿಯ ಪೊಟ್ಟಣ ಹಾಗೂ ಗಣೇಶನ ಕ್ಯಾಲೆಂಡರ್ ಪಡೆದು, ಋಣಮುಕ್ತರಾಗಿ ನಿಂತಿದ್ದರು. ಪೊಟ್ಟಣದಲ್ಲಿದ್ದ ಸಂದೇಶ್ ಬಾಯಲ್ಲಿ ಕರಗುವವರೆಗೆ ಮಾತ್ರ ಆ ಸ್ಥಿತಿ ಇತ್ತು. ಅಷ್ಟರಲ್ಲಿ ಸಾಹಾ ಅವರು, "ದೀದಿ, ನಮ್ಮ ಸಿಹಿ ತಿಂದ್ಬಿಟ್ಟು ಹೊಸ ಖಾತೇಲಿ ನಿಮ್ಮ ಪುಟ ಖಾಲಿ ಬಿಟ್ಟು ಹೋದ್ರೆ ಲಕ್ಷ್ಮಿ ಏನಂದ್ಕೋತಾಳೆ? ಶಾಸ್ತ್ರಕ್ಕೆ ಒಂದೇ ಒಂದು ಬರ್ಕೊಳ್ಳಲಾ?" ಎಂದು ಕೇಳಿದ್ದು, ಸಿಬ್ಬಂದಿಯು ದಾಕ್ಷಿಣ್ಯಕ್ಕೆ ಬಸುರಾದಂತೆ ತಲೆಯಾಡಿಸಿದ್ದಾರೆ. ಶಾಸ್ತ್ರಕ್ಕೆ ಬರೆದದ್ದು ರೇಷ್ಮೆಯದಾಗಿದ್ದು, ಅದರ ಹಣ ಕಟ್ಟಲು ಸಹಕಾರ ಸಂಘದಲ್ಲಿ ಸಾಲ ತೆಗೆಯಬೇಕಾಯಿತು. ಸಾಲ ತೀರಿಸಲು ಹೋಗಿ ಸಾಲ ಮಾಡಿಕೊಂಡು ಬಂದ ಈ ಪ್ರಕರಣದಿಂದ ಹೊರಬರಲು ಫಾಲ್ಗುಣದವರೆಗೆ ಹಿಡಿಯಿತು.

ಈ ವರ್ಷವೂ ಆಮಂತ್ರಣ ಬಂದಿದೆ. ಹೋಗದಿರುವುದು ಮರ್ಯಾದೆಯಲ್ಲವಾದ್ದರಿಂದ ಹೋಗತಕ್ಕದ್ದು. ಸಿಹಿಯನ್ನು ಅಂಗಡಿಯಲ್ಲಿ ತಿನ್ನದೆ ಮನೆಗೆ ತರತಕ್ಕದ್ದು. ಪುಟ ಖಾಲಿ ಇರುವುದು ಮನಸ್ಸಿಗೆ ತೀರಾ ಕಸಿವಿಸಿಯಾದಲ್ಲಿ ಅದರ ಮೇಲೆ 'ಶುಭಮಸ್ತು' ಎಂದು ಬರೆದು ಬರತಕ್ಕದ್ದು.

9. ಡಬ್ಬಿ ಡಬ್ಬಿಗಳ ನಡುವಿನ ಕೈಗಡವನ್ನು ರದ್ದುಪಡಿಸಲಾಗಿದೆ. ಸಂಬಳ ಬಂದ ದಿನವೇ ಅಕ್ಕಿಬೇಳೆ, ಕರೆಂಟು ಮತ್ತು ಔಷಧಿ, ಮೀನು, ಬೆಟ್ಟ ಎಂದು ಹಂಚಿ, ಮುಚ್ಚಳ ಹಾಕಿ, ಕಪಾಟಿನ ಕೀಲಿಯನ್ನು ತಾಯಿಯವರ ಸೆರಗಿನ ತುದಿಗೆ ಕಟ್ಟತಕ್ಕದ್ದು. ಮೀನಿನ ಡಬ್ಬಿಯಿಂದ ಉಳಿತಾಯ ಮಾಡುವ ಪ್ರಯೋಗವನ್ನು ಮಾಘದಲ್ಲಿ ಕೈಗೊಂಡಾಗ ಶ್ರೀಮತಿ ಬೇಲಾರಾಣಿಯವರು, "ಮೀನಿಲ್ದೆ ಬೆಟ್ಟ ನೋಡಿ ಏನ್ ಮಾಡ್ಲಿ, ಕಣ್ಣೇ ಕಾಣಲ್ಲ" ಎಂದು ತಟ್ಟೆ ಸರಿಸಿದ್ದರಿಂದ ಪ್ರಯೋಗವನ್ನು ಅದೇ ಊಟದಲ್ಲಿ ಕೈಬಿಡಲಾಗಿದೆ.

10. ಮೀನಿನ ಚೀಲದ ತಳದಲ್ಲಿ ಸೀರೆ ಅಡಗಿಸಿ ತರುವುದು ಅಪರಾಧ. ಕಳೆದ ಚೈತ್ರದಲ್ಲಿ ಹೀಗೆ ತಂದ ಢಾಕಾಯಿ ಸೀರೆಯನ್ನು ಉಟ್ಟು ಬೀದಿ ದಾಟಲು ಸಿಬ್ಬಂದಿಗೆ ಇದುವರೆಗೆ ಸಾಧ್ಯವಾಗಿಲ್ಲ. ಉಟ್ಟಾಗಲೆಲ್ಲ ಬೀದಿಯ ಬೆಕ್ಕುಗಳು ಹಿಂಬಾಲಿಸುತ್ತವೆ.

11. ಮೇಲ್ಕಂಡ ನಿಯಮಗಳ ಪಾಲನೆಗಾಗಿ ಶ್ರೀಮತಿ ಬೇಲಾರಾಣಿ ಭೌಮಿಕ್ ಅವರನ್ನು ಜಾಗೃತ ದಳದ ಅಧಿಕಾರಿಯಾಗಿ ನೇಮಿಸಲಾಗಿತ್ತು. ನೇಮಕಾತಿಯ ಸಮಯದಲ್ಲೂ ಅವರು "ಹ್ಞೂಂ, ನೋಡೋಣ" ಎಂದಷ್ಟೇ ಹೇಳಿದ್ದರು.

ಪ್ರಕರಣ

12. ಈ ಸುತ್ತೋಲೆಯ ಕರಡು ಸಿದ್ಧವಾಗುತ್ತಿರುವಾಗಲೇ, ನಿನ್ನೆ ಸಂಜೆ ಹಾಸಿಗೆಯ ಚಾದರ ಬದಲಿಸುವ ವೇಳೆ, ತಾಯಿಯವರ ದಿಂಬಿನ ಕೆಳಗೆ ವೃತ್ತಪತ್ರಿಕೆಯಲ್ಲಿ ಸುತ್ತಿದ ಮೆತ್ತನೆಯ ಪೊಟ್ಟಣವೊಂದು ಪತ್ತೆಯಾಗಿದೆ. ಸಿಬ್ಬಂದಿಯು ಅದು ತನ್ನದೇ ಕೃತ್ಯವಿರಬಹುದೆಂದು, ಯಾವಾಗ ಕೊಂಡೆನೋ ನೆನಪಿಲ್ಲವೆಂದು ಬಗೆದು, ಪೊಟ್ಟಣ ಬಿಚ್ಚುವ ಮುನ್ನವೇ ಗಾಬರಿಯಲ್ಲಿ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ್ದಾರೆ. ನಂತರ ಬೆಟ್ಟದ ಡಬ್ಬಿಯನ್ನು ತೆರೆದು ನೋಡಲಾಗಿ, ಹಣ ಪೂರ್ತಿ ಇತ್ತು.

ಪೊಟ್ಟಣವನ್ನು ಬಿಚ್ಚಲಾಗಿ ಅದರಲ್ಲಿ ಎರಡು ಮಂಕಿ ಕ್ಯಾಪ್‌ಗಳು ಕಂಡುಬಂದವು. ಒಂದು ಕಡುಗೆಂಪು. ಇನ್ನೊಂದು ಹಳದಿ.

13. ಹೊರಗೆ ನಲ್ಲಿಯ ನೀರು ಕುದಿಯುವಂಥ ಬಿಸಿಲಿರುವಾಗ ಉಣ್ಣೆಯ ಟೋಪಿ ಖರೀದಿಸಿರುವುದು ಹೇಗೆಂದು ಜಾಗೃತ ದಳದ ಅಧಿಕಾರಿಯವರನ್ನು ವಿಚಾರಿಸಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂದೂ ಕೇಳಲಾಯಿತು. ಅವರು ನೀಡಿದ ಹೇಳಿಕೆಯನ್ನು ಒಂದಕ್ಷರವೂ ತಿದ್ದದೆ ಇಲ್ಲಿ ದಾಖಲಿಸಲಾಗಿದೆ:

"ಕೂಗಾಡ್ಬೇಡ ಟುಕು. ಔಷಧಿ ತರೋಕೆ ಗರಿಯಾಹಾಟ್‌ಗೆ ಹೋಗಿದ್ದೆ. ಈ ಬಿಸಿಲಲ್ಲಿ ಉಣ್ಣೆ ಟೋಪಿ ಯಾರ್ ತಗೋತಾರೆ, ಪಾಪ, ಅಂಗಡಿಯವ್ನು ನೊಣ ಹೊಡ್ಕೊಂಡು ಕೂತಿದ್ದ. ಅರ್ಧ ಬೆಲೆಗೆ ಕೊಟ್ಟ. ನನ್ನ ಪಿಂಚಣಿ ದುಡ್ಡು, ನಿನ್ನ ಡಬ್ಬಿ ಮುಟ್ಟಿಲ್ಲ. ಹಳದೀದು ನಿಂಗೆ, ಇಷ್ಟ ಅಲ್ವಾ ನಿಂಗೆ. ಅಲ್ಲಿ ಬೆಳಗಿನ ಜಾವ ಕಿವಿಗೆ ಗಾಳಿ ಹೊಡೆಯತ್ತಂತೆ. ಈ ಸಲ ಹೋಗ್ತೀವಲ್ಲ."

14. ಇಷ್ಟು ವರ್ಷಗಳ ಕಡತವನ್ನು ತಿರುವಿ ನೋಡಿದರೂ, ಶ್ರೀಮತಿ ಬೇಲಾರಾಣಿಯವರು "ಹೋಗ್ತೀವಲ್ಲ" ಎಂದಿರುವುದು ಇದೇ ಮೊದಲು. ಈ ಪದವನ್ನು ಬರೆದುಕೊಂಡ ನಂತರ ವಿಚಾರಣಾಧಿಕಾರಿಯವರಿಗೆ ಕೆಲಹೊತ್ತು ಮುಂದಿನ ಸಾಲು ಕಾಣಿಸದೆ ವಿಚಾರಣೆಯನ್ನು ನಿಲ್ಲಿಸಬೇಕಾಯಿತು. ಕಾರಣ: ಫ್ಯಾನಿನ ಧೂಳು ಎಂದು ಮೊದಲು ನಮೂದಿಸಲಾಗಿತ್ತು. ಅದನ್ನು ಹೊಡೆದುಹಾಕಿ, ಅಳು ಎಂದು ತಿದ್ದಲಾಗಿದೆ.

ಆದೇಶ

15. ಸದರಿ ಟೋಪಿ ಖರೀದಿಯು ಪೂರ್ವಾನುಮತಿಯಿಲ್ಲದ, ಕಾಲಕ್ಕೆ ಒಗ್ಗದ, ಸೇಲ್‌ಗೆ ಮರುಳಾಗಿ ಮಾಡಿದ, ಹಳದಿ ಬಣ್ಣವನ್ನೂ ಒಳಗೊಂಡ ಖರೀದಿಯಾಗಿದ್ದು, ಮೇಲ್ಕಂಡ ಬಹುತೇಕ ಎಲ್ಲ ನಿಯಮಗಳನ್ನೂ ಒಟ್ಟಿಗೆ ಉಲ್ಲಂಘಿಸಿರುತ್ತದೆ. ಇದಕ್ಕೆ ಘಟನೋತ್ತರ ಮಂಜೂರಾತಿ ನೀಡಿ ಆದೇಶಿಸಲಾಗಿದೆ.

16. ಸಿಬ್ಬಂದಿಯು ಆತುರದಲ್ಲಿ ಸಲ್ಲಿಸಿದ ತಪ್ಪೊಪ್ಪಿಗೆಯನ್ನು ಹಿಂದಿರುಗಿಸದೆ, ಮುಂದಿನ ಚೈತ್ರಕ್ಕೆ ಬೇಕಾಗಬಹುದೆಂದು ಜೋಪಾನವಾಗಿ ಇಡಲಾಗಿದೆ.

17. ಹಳದಿ ಟೋಪಿಯನ್ನು ಧರಿಸಿ ಬೀರುವಿನ ಕನ್ನಡಿಯಲ್ಲಿ ನೋಡಿಕೊಳ್ಳಲು ಸಿಬ್ಬಂದಿಗೆ ಒಂದು ಸಲದ ಮಟ್ಟಿಗೆ ಅನುಮತಿ ನೀಡಲಾಗಿತ್ತು. ಬೆವರಿಳಿಯುತ್ತಿದ್ದರೂ ಬಹಳ ಹೊತ್ತು ತೆಗೆಯದೆ ಇದ್ದುದನ್ನು ಮನ್ನಿಸಲಾಗಿದೆ.

ಸಹಿ/-
(ಸುದೇಷ್ಣಾ ಭೌಮಿಕ್)
ಮುಖ್ಯಸ್ಥೆ

ಓದಿಕೊಂಡೆ, ಒಪ್ಪಿದೆ, ಪ್ರಯತ್ನಿಸುವೆ:
ಸಹಿ/-
(ಸುದೇಷ್ಣಾ ಭೌಮಿಕ್)
ಸಿಬ್ಬಂದಿ

ಪ್ರತಿಗಳು:
1. ಶ್ರೀ ಗೌರಾಂಗ ಸಾಹಾ ಅವರಿಗೆ, ಪುಟ ಖಾಲಿ ಬಿಡುವಂತೆ ಹಾಗೂ ಸಂದೇಶ್ ಎರಡು ಇಡುವಂತೆ ಕೋರಿ.
2. ಶ್ರೀ ನಿತಾಯಿ ಬಸಾಕ್ ಅವರಿಗೆ, ಚಹಾದೊಂದಿಗೆ.
3. ಬೀರುವಿನ ಕನ್ನಡಿಗೆ, ಮುಖ ಕಾಣದಂತೆ ನಟ್ಟನಡುವೆ ಅಂಟಿಸಲು.
4. ಬೆಟ್ಟದ ಡಬ್ಬಿಯ ಮುಚ್ಚಳಕ್ಕೆ.
5. ಬೀದಿಯ ಬೆಕ್ಕುಗಳಿಗೆ, ಮಾಹಿತಿಗಾಗಿ.
6. ಶ್ರೀಮತಿ ಬೇಲಾರಾಣಿ ಭೌಮಿಕ್ ಅವರಿಗೆ, ಕನ್ನಡಕ ಹಾಕಿಕೊಂಡು ಓದಲು. ಟೋಪಿಯನ್ನು ಈಗಲೇ ಹಾಕಿಕೊಳ್ಳತಕ್ಕದ್ದಲ್ಲ.
7. ಕಚೇರಿ ಪ್ರತಿ.
8. ಕಾಂಚನಗಂಗಾ ಪರ್ವತಕ್ಕೆ, ನಾವು ಬರುವವರೆಗೆ ಎಲ್ಲೂ ಓಡಿ ಹೋಗದೆ ಇದ್ದಲ್ಲೇ ಇರುವಂತೆ ಈ ಮೂಲಕ ಸೂಚಿಸಲಾಗಿದೆ.