ಮೊಲದ ಬಿಲಕ್ಕೊಂದು ಚೆಕ್ಕುಬಂದಿ

ನಮ್ಮ ಸೋದರಮಾವ ಒಂದು ಮೊಲದ ಬಿಲಕ್ಕೆ ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆದು, ಐದು ಜನರ ರುಜು ಹಾಕಿಸಿ, ಶಾಸ್ತ್ರೋಕ್ತವಾಗಿ ಮಹಜರು ಮಾಡಿದವರು. ಆ ಮೊಲ ಇರಲೇ ಇಲ್ಲ ಎಂಬುದು ಬೇರೆ ಮಾತು! ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಂಬಬೇಡಿ. ಪುರಾವೆಯಿಲ್ಲದೆ ನಾನೂ ಯಾವುದನ್ನೂ ನಂಬುವವನಲ್ಲ. ಆದರೆ ಆ ಐದು ರುಜುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರನೆಯದನ್ನು ಹಾಕು ಎಂದು ಅವರು ಪೆನ್ನು ಚಾಚಿದ್ದು ನನ್ನ ಕಡೆಗೇ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಕಡೂರಿನಲ್ಲಿ ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ವಾದಿಸುತ್ತಿದ್ದೆ ಎನ್ನುವುದು ಸರಿ. ಚರ್ಚಾಸ್ಪರ್ಧೆಯಲ್ಲಿ ಬೆಳಗ್ಗೆ ದೇವರಿದ್ದಾನೆ ಎಂದು ಸಾಧಿಸಿ, ಮಧ್ಯಾಹ್ನ ಊಟವಾದ ಮೇಲೆ ಇಲ್ಲವೆಂದು ಸಾಧಿಸಿ, ಎರಡಕ್ಕೂ ಬಹುಮಾನ ಹೊಡೆದವನು. ರಜೆ ಸಿಕ್ಕಿದರೆ ಅಜ್ಜಂಪುರಕ್ಕೆ, ಮಾವನ ಮನೆಗೆ. ಮಾವ ಸರ್ವೆ ಇಲಾಖೆಯಲ್ಲಿ ಅಳತೆಯವರು. ತರೀಕೆರೆ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾದರೆ, ಬದು ಒತ್ತುವರಿಯಾದರೆ, ಗಡಿಕಲ್ಲು ರಾತ್ರೋರಾತ್ರಿ ನಾಲ್ಕು ಹೆಜ್ಜೆ ನಡೆದುಬಿಟ್ಟರೆ, ಅಳತೆಯ ಸರಪಳಿ ಹೊರಿಸಿಕೊಂಡು ಹೋಗಿ ನಿಲ್ಲುವವರು ಅವರೇ. ಅಳೆದಾದ ಮೇಲೆ ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದು, ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ಗಟ್ಟಿಯಾಗಿ ಓದಿ, ಎಲ್ಲರೂ ಹೌದೆಂದ ಮೇಲೆ ರುಜು ಹಾಕಿಸುವುದು ಅವರ ಪದ್ಧತಿ. ಒಬ್ಬ ತಲೆ ಅಲ್ಲಾಡಿಸಿದರೂ ಮತ್ತೆ ಮೊದಲಿಂದ ಅಳತೆ!

ಇಂಥವರ ಕೈಗೆ ಮಕ್ಕಳ ಕಥೆ ಸಿಕ್ಕರೆ ಏನಾಗಬೇಡ?

ಸಿಕ್ಕಿದ್ದು ಹೇಗೆಂದು ಹೇಳಿಬಿಡುತ್ತೇನೆ. ನಮ್ಮತ್ತೆ ಒಂದು ಮಳೆಗಾಲದಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡರು. ಮಗಳು ಪುಟ್ಟಿಗೆ ಆಗ ಐದು ವರ್ಷ. ಅಮ್ಮ ಎಲ್ಲಿ ಎಂದು ಕೇಳಿದ ಮಗುವಿಗೆ ನಮ್ಮಜ್ಜಿ, ಶಿವನ ಹತ್ತಿರ ಹೋಗವ್ಳೆ ಎಂದಳು. ನಮ್ಮಮ್ಮ, ದೊಡ್ಡಾಸ್ಪತ್ರೆಗೆ ಹೋಗವ್ಳೆ, ಬತ್ತಾಳೆ ಎಂದಳು. ಪಕ್ಕದ ಮನೆಯಾಕೆ ನಕ್ಷತ್ರ ತೋರಿಸಿದಳು. ಮೂರು ಬಾಯಿ, ಮೂರು ಕಥೆ. ಮಗು ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, "ಯಾವ್ದು ನಿಜ?" ಎಂದು ಕೇಳಿತು. ಕೊನೆಗೆ ಮಾವ ಅವಳನ್ನು ಎತ್ತಿಕೊಂಡು, "ಸತ್ತೋದ್ಲು ಕಣವ್ವ. ಇನ್ನು ಬರಲ್ಲ" ಎಂದರು. ಅವತ್ತಿನಿಂದ ಪುಟ್ಟಿ ನಂಬಿದ್ದು ಅಪ್ಪನ ಬಾಯಿಂದ ಬಂದದ್ದನ್ನು ಮಾತ್ರ.

ಅಪ್ಪನ ಬಾಯಿಂದ ಬಂದದ್ದು ಮುಕ್ಕ ಮೊಲದ ಕಥೆ. ಮೊದಲ ಪುಸ್ತಕದಲ್ಲೇ ನರಿಯೊಂದು ಕಚ್ಚಿ ಈ ಮೊಲದ ಎಡಗಿವಿ ಮುಕ್ಕಾಗುತ್ತದೆ, ಅದಕ್ಕೇ ಆ ಹೆಸರು. ಎಳೆಯರಿಗಾಗಿ ಒಬ್ಬ ನಿವೃತ್ತ ಮೇಷ್ಟ್ರು ಬರೆದ ಪುಟ್ಟ ಪುಸ್ತಕ ಹಾಗೆ ಮಾರಾಟವಾದೀತೆಂದು ಯಾರು ಕಂಡಿದ್ದರು? ಎರಡನೆಯದು ಬಂತು, ಮೂರನೆಯದು ಬಂತು, ಏಳರವರೆಗೂ ಬಂತು. ವಾರಪತ್ರಿಕೆಯಲ್ಲಿ ಚಿತ್ರಕಥೆಯಾಯಿತು. ರೇಡಿಯೋದಲ್ಲಿ ನಾಟಕವಾಯಿತು. ಒಂದು ದಿನ ಮಾವ ಹೊಸದಾಗಿ ಬಂದ ಮೂರನೆಯ ಭಾಗ ಓದುತ್ತಿದ್ದಾರೆ, "ಮುಕ್ಕ ತನ್ನ ಮುಕ್ಕಾದ ಬಲಗಿವಿಯನ್ನು ಕೆರೆದುಕೊಂಡಿತು" ಎಂದು ಬಂತು. ಪುಟ್ಟಿ ಅಪ್ಪನ ಮುಖ ನೋಡಿದಳು.

"ಅಪ್ಪಾಜಿ, ನೀನೂನಾ?"

ಅಷ್ಟೇ. ಆ ಎರಡು ಮಾತು ಅವರನ್ನು ಸುಟ್ಟ ಹಾಗೆ ಯಾವ ಸಾಹೇಬರ ಮೆಮೋವೂ ಸುಟ್ಟಿರಲಿಲ್ಲ. ತಪ್ಪು ತಾನು ಓದಿದ್ದರಲ್ಲಲ್ಲ, ಪುಸ್ತಕದಲ್ಲಿದೆ ಎಂದು ಸಾಧಿಸಲೇಬೇಕು, ಪುಸ್ತಕ ತಿದ್ದಿಸಲೇಬೇಕು. ಸರ್ವೆಯವರಲ್ಲವೇ? ಒಂದು ಕಲ್ಲು ಜರುಗಿದೆ ಎಂದರೆ ಇಡೀ ಊರನ್ನೇ ಅಳೆಯುವವರು. ಅಳೆಯತೊಡಗಿದರು!

ಅಳೆದಷ್ಟೂ ಲೋಪ. ಮೊದಲ ಪುಸ್ತಕದಲ್ಲಿ ಮೂರು ವರ್ಷದ ಮೊಲಕ್ಕೆ ಮೂರನೆಯದರಲ್ಲಿ ಆರು ವರ್ಷ, ಐದನೆಯದರಲ್ಲಿ ನಾಲ್ಕು. ಚಿತ್ರಕಥೆಯಲ್ಲಿ ನರಿಯ ಬಾಲ ವಾರ ಬಿಟ್ಟು ವಾರ ಬಣ್ಣ ಬದಲಿಸುತ್ತಿತ್ತು. ರೇಡಿಯೋದವರಂತೂ ನರಿಯನ್ನೇ ಕೈಬಿಟ್ಟು, ಕಿವಿ ಕಚ್ಚಿದ್ದು ಬೇಟೆನಾಯಿ ಎಂದುಬಿಟ್ಟರು. ಮಾವ ಎದ್ದು ಹೋಗಿ ರೇಡಿಯೋದ ಎದುರು ನಿಂತು, "ಯಾರ್ರೀ ಹೇಳಿದ್ದು ನಿಮ್ಗೆ?" ಎಂದು ಕೇಳಿದರು. ಅದು ಉತ್ತರಿಸದೆ ಕೃಷಿ ವಾರ್ತೆಗೆ ಹೋಯಿತು.

ಎಲ್ಲಕ್ಕಿಂತ ದೊಡ್ಡ ತಂಟೆ ಕೆರೆಯದು. ಮೊದಲ ಪುಸ್ತಕದಲ್ಲಿ ಬಿಲದ ಬಾಗಿಲಲ್ಲಿ ಕೂತ ಮುಕ್ಕ, ಕೆರೆಯೊಳಗಿಂದ ಸೂರ್ಯ ಹುಟ್ಟುವುದನ್ನು ನೋಡುತ್ತದೆ. ನಾಲ್ಕನೆಯದರಲ್ಲಿ ಅದೇ ಬಾಗಿಲಲ್ಲಿ ಕೂತು, ಅದೇ ಕೆರೆಯಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತದೆ.

"ಮೊಲ ಮನೆ ಬದ್ಲಾಯಿಸಿಲ್ಲ. ಕೆರೆ ಎದ್ದು ನಡ್ಕೊಂಡು ಹೋಯ್ತೇನೋ ಅಳಿಯಾ?"

"ಮಾವ, ಅದು ಕಥೆ. ಮೊಲ ಮಾತಾಡೋದನ್ನ ಒಪ್ಕೋತೀರಿ, ಕೆರೆ ನಡಿಯೋದನ್ನ ಯಾಕೆ ಒಪ್ಕೊಳಲ್ಲ?"

ನನ್ನ ವಾದಕ್ಕೆ ನಾನೇ ಮೆಚ್ಚಿ ತಲೆದೂಗುತ್ತಿದ್ದೆ. ಮಾವ ತಣ್ಣಗೆ ಹೇಳಿದರು: "ಮೊಲ ಮಾತಾಡ್ತದೆ ಅಂತ ಮೊದಲ್ನೇ ಪುಟದಲ್ಲೇ ಒಪ್ಪಂದ ಆಗೈತೆ. ಕೆರೆ ನಡೀತದೆ ಅಂತ ಯಾರೂ ಒಪ್ಪಂದ ಮಾಡ್ಕೊಂಡಿಲ್ಲ."

ಹೇಳಿ, ಇದಕ್ಕೆ ಯಾವ ಕಾಲೇಜಿನ ಬಹುಮಾನ ಉತ್ತರ ಕೊಡುತ್ತದೆ?

ಮುಂದಿನ ರಜೆಗೆ ಬಂದಾಗ ನನ್ನನ್ನೂ ಪುಟ್ಟಿಯನ್ನೂ ಬುಕ್ಕಾಂಬುಧಿ ಕೆರೆಗೆ ಹೊರಡಿಸಿದರು. ಎರಡನೆಯ ಪುಸ್ತಕದಲ್ಲಿ ಮುಕ್ಕ ಬೆಳಗಿನ ತಿಂಡಿಗೆ ಮುಂಚೆ ಕೆರೆ ಸುತ್ತಿ ಬರುತ್ತದೆ, ಆರನೆಯದರಲ್ಲಿ ಅದಕ್ಕೆ ಮೂರು ದಿನ ಹಿಡಿಯುತ್ತದೆ. ಯಾವುದು ಸರಿಯೆಂದು ನೋಡಲು ಒಂದು ಕೆರೆ ಬೇಕಲ್ಲ? ನಮ್ಮ ಸೀಮೆಯಲ್ಲಿ ಆ ಕೆರೆಗಿಂತ ದೊಡ್ಡ ಪುರಾವೆ ಎಲ್ಲಿದೆ! ಏರಿಯ ಮೇಲೆ ನಾನು ಸರಪಳಿಯ ಒಂದು ತುದಿ, ಮಾವ ಇನ್ನೊಂದು ತುದಿ, ಪುಟ್ಟಿ ನಡುವೆ ಮೊಲದ ಹೆಜ್ಜೆಯಲ್ಲಿ ಕುಪ್ಪಳಿಸುತ್ತ ಎಣಿಸುವವಳು. ಸರಪಳಿ ಕಂಡರೆ ಜನ ಸುಮ್ಮನಿರುತ್ತಾರೆಯೇ? ಹತ್ತು ನಿಮಿಷದಲ್ಲಿ ಅರ್ಧ ಊರು ಏರಿಯ ಮೇಲಿತ್ತು.

"ಸ್ವಾಮೇರಾ, ನಮ್ಮ ಜಮೀನು ಹೋಗ್ತದಾ?"

"ಇಲ್ಲ ಕಣ್ರಪ್ಪಾ. ಇದು ಒಂದು ಮೊಲದ ಕೆಲ್ಸ."

ಒಬ್ಬ ಮುದುಕರು ಕೋಲು ಊರಿಕೊಂಡು ಮುಂದೆ ಬಂದರು. "ಮೊಲಕ್ಕೂ ಅಳತೆ ಮಾಡ್ಕೊಡ್ತೀರಾ? ನಾನು ಅರ್ಜಿ ಕೊಟ್ಟು ಏಳು ವರ್ಷ ಆಯ್ತಲ್ಲ ಬುದ್ಧಿ!"

ಮಾವ ಅಂದು ಮೊಲವನ್ನು ಅರ್ಧಕ್ಕೇ ಬಿಟ್ಟು, ಆ ಮುದುಕರ ಅರ್ಜಿಯ ನಂಬರು ಬರೆದುಕೊಂಡರು. ಮುಂದಿನ ಹದಿನೈದು ದಿನದಲ್ಲಿ ಅವರ ಹೊಲದ ಅಳತೆ ಮುಗಿಯಿತು. ಹಾಗೆ ನೋಡಿದರೆ ಮುಕ್ಕ ಮೊಲದಿಂದ ಲೋಕಕ್ಕೆ ಒಂದು ಉಪಕಾರವಾದದ್ದು ನಿಜ.

ತರೀಕೆರೆಗೆ ನಾಟಕದ ಡೇರೆ ಬಂದು, ಭಾನುವಾರದ ಮಧ್ಯಾಹ್ನ ಮಕ್ಕಳಿಗಾಗಿ ಮುಕ್ಕ ಮೊಲದ ಆಟವಿದೆ ಎಂದು ಗಾಡಿಯಲ್ಲಿ ಸಾರಿಕೊಂಡು ಹೋದರು. ಮೂವರೂ ಹೋದೆವು. ಪರದೆ ಎದ್ದಿತು. ದಪ್ಪ ಹೊಟ್ಟೆಯ ನಟನೊಬ್ಬ ಮೊಲವಾಗಿ ಬಂದ. ತಲೆಯ ಮೇಲೆ ರಟ್ಟಿನ ಕಿವಿಗಳು, ಎರಡೂ ಇಡಿಯಾಗಿ, ನೆಟ್ಟಗೆ! ನಮ್ಮ ಪಕ್ಕದಲ್ಲಿ ಪುಟ್ಟಿಯ ಮುಖ ಸಣ್ಣದಾಗುತ್ತಿತ್ತು. ಮಾವ ಎದ್ದು ನಿಂತರು.

"ಸ್ವಾಮಿ! ಕಿವಿ!"

ಮೊಲ ತನ್ನ ಕಿವಿ ಮುಟ್ಟಿ ನೋಡಿಕೊಂಡಿತು. "ಏನಾಗಿದೆ ಯಜಮಾನ್ರೇ?"

"ಎಡಗಿವಿ ಮುಕ್ಕಾಗಿರ್ಬೇಕು. ಒಂದ್ನೇ ಭಾಗ, ಹನ್ನೊಂದ್ನೇ ಪುಟ!"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಆ ನಟ, ದೊಡ್ಡ ಮನಸ್ಸಿನವನು, ಪುಟ್ಟಿಯತ್ತ ಒಮ್ಮೆ ನೋಡಿ, ಎಡಗೈ ಎತ್ತಿ ಎಡಗಿವಿಯನ್ನು ಅರ್ಧಕ್ಕೆ ಮಡಿಸಿ ಹಿಡಿದುಕೊಂಡ. ಆಟ ಮುಗಿಯುವವರೆಗೂ ಆ ಕೈ ಇಳಿಸಲಿಲ್ಲ! ಒಂದೇ ಕೈಯಲ್ಲಿ ನರಿಯೊಡನೆ ಯುದ್ಧ ಮಾಡಿದ, ಒಂದೇ ಕೈಯಲ್ಲಿ ಕುಣಿದ. ಅಂಥ ಚಪ್ಪಾಳೆ ಆ ಡೇರೆಗೆ ಮತ್ತೆ ಬಿತ್ತೋ ಇಲ್ಲವೋ.

ಇಷ್ಟಾದ ಮೇಲೆ ಮಾವ ಲೇಖಕರಿಗೆ ಬರೆದರು. ನಮ್ಮ ನಿಮ್ಮ ಹಾಗೆ ಕಾಗದ ಬರೆಯುವುದು ಅವರಿಗೆಲ್ಲಿ ಬರಬೇಕು? "ವಿಷಯ: ಮುಕ್ಕ ಮೊಲದ ಬಿಲದ ಹದ್ದುಬಸ್ತಿನ ಬಗ್ಗೆ" ಎಂದು ಶುರುಮಾಡಿ, ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ನರಿಯ ಪೊದೆ ಎಂದು ಚೆಕ್ಕುಬಂದಿ ಬರೆದು, ಕೆಳಗೆ ಮಹಜರು. ಬೀದಿಯ ಐವರನ್ನು ಜಗಲಿಯಲ್ಲಿ ಕೂರಿಸಿ, ಪುಸ್ತಕ ಓದಿ ಹೇಳಿ, ಹೌದೆನ್ನಿಸಿ ರುಜು ಹಾಕಿಸಿದ್ದರು. ಕಿರಾಣಿ ಅಂಗಡಿಯವರಂತೂ ಹುಣಸೆಮರದ ಬಗ್ಗೆ ಅರ್ಧ ಗಂಟೆ ತಕರಾರು ತೆಗೆದಿದ್ದರಂತೆ! ಆಮೇಲೆ ನನ್ನತ್ತ ಪೆನ್ನು ಬಂತು.

"ಇಲ್ಲದ ಮೊಲದ ಇಲ್ಲದ ಬಿಲಕ್ಕೆ ನಾನು ಸಾಕ್ಷಿ ಹಾಕಲ್ಲ ಮಾವ. ನನಗೂ ಒಂದು ತತ್ವ ಇದೆ."

"ಹಾಕ್ಬೇಡ ಬಿಡು. ನಿನ್ನ ತತ್ವಕ್ಕೆ ಚೆಕ್ಕುಬಂದಿ ಇಲ್ಲ," ಎಂದು ಪೆನ್ನು ಜೇಬಿಗಿಟ್ಟುಕೊಂಡರು.

ತಿಂಗಳಿಗೆ ಉತ್ತರ ಬಂತು. "ತಾವು ಓದಿದಷ್ಟು ಎಚ್ಚರದಿಂದ ನಾನು ಬರೆದಿಲ್ಲ, ಕ್ಷಮಿಸಿ. ಏಳೂ ಭಾಗ ಸೇರಿಸಿ ಒಂದೇ ಸಂಪುಟ ತರುತ್ತಿದ್ದೇವೆ. ತಾವು ಕಂಡ ಲೋಪಗಳನ್ನೆಲ್ಲ ಯುಗಾದಿಯೊಳಗೆ ಪಟ್ಟಿಮಾಡಿ ಕಳಿಸಿದರೆ ಒಂದನ್ನೂ ಬಿಡದೆ ತಿದ್ದುತ್ತೇನೆ." ಮಾವ ಆ ಕಾರ್ಡನ್ನು ಪುಟ್ಟಿಯ ಕೈಯಲ್ಲಿಟ್ಟರು. ಹತ್ತು ವರ್ಷದ ಹುಡುಗಿ ಎರಡು ಸಲ ಓದಿ, ಮೂರು ವರ್ಷದ ಹಿಂದಿನ ಮಾತಿಗೆ ಉತ್ತರವೆಂಬಂತೆ, "ನೀನಲ್ಲ ಅಪ್ಪಾಜಿ, ಪುಸ್ತಕ" ಎಂದಳು. ಮಾವ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಪಟ್ಟಿ ತಯಾರಾಯಿತು. ನಲವತ್ತೊಂದು ಲೋಪ! ಪುಟ, ಸಾಲು, ಯಾವುದಕ್ಕೆ ಯಾವುದು ವಿರೋಧ ಎಲ್ಲವೂ ಉಂಟು. ಅಂಥ ಕೆಲಸವನ್ನು ನಾನು ಯಾವ ಪ್ರೊಫೆಸರರಲ್ಲೂ ಕಂಡಿಲ್ಲ, ಬೆರಗಾಗಿ ಕೂತುಬಿಟ್ಟೆ. ಆದರೂ ವಾದಿಯ ಬುದ್ಧಿ ಸುಮ್ಮನಿರುತ್ತದೆಯೇ? ಒಂದಾದರೂ ಇವರ ಕಣ್ಣು ತಪ್ಪಿರಬೇಕೆಂದು ಏಳೂ ಪುಸ್ತಕ ಹರವಿಕೊಂಡು ಕೂತೆ. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು. ಸಿಕ್ಕಿದ್ದು ಸಣ್ಣದಲ್ಲ, ನಲವತ್ತೊಂದನ್ನೂ ನುಂಗುವಂಥದ್ದು!

ಪುಟ್ಟಿ ಶಾಲೆಯಲ್ಲಿದ್ದಳು. ನಾನು ಗೆದ್ದವನಂತೆ ಪುಸ್ತಕ ಎತ್ತಿ ಹಿಡಿದೆ. "ಮಾವ! ಎರಡನೇ ಭಾಗದಲ್ಲಿ ಮುಕ್ಕನ ಅಮ್ಮ ಜ್ವರ ಬಂದು ಸಾಯ್ತಾಳೆ. ಹುಣಸೆಮರದ ಬುಡದಲ್ಲಿ ಮಣ್ಣು ಮಾಡ್ತಾರೆ. ಐದನೇ ಭಾಗದ ಕೊನೇ ಪುಟ ನೋಡಿ: 'ಬಿಲದ ಬಾಗಿಲಿಗೆ ಬಂದು ಅಮ್ಮ ಕೂಗಿದಳು, ಮುಕ್ಕಾ, ಕಡುಬು ಆರಿ ಹೋಗ್ತದೆ, ಬೇಗ ಬಾ.' ಸತ್ತವಳು ಕಡುಬು ಬೇಯಿಸ್ತಾಳಾ? ಇದನ್ನೇ ಬಿಟ್ಟಿದೀರಲ್ಲ!"

ಮಾವ ಪುಸ್ತಕ ತೆಗೆದುಕೊಂಡು, ಮೆಲ್ಲಗೆ ಮುಚ್ಚಿದರು.

"ನನ್ನ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡ್ಯೇನೋ?"

"ಮತ್ತೆ ಪಟ್ಟಿಗೆ ಯಾಕೆ ಸೇರಿಸಿಲ್ಲ? ಮಗುವಿಗೆ ನಿಜ ಹೇಳಿದವರು ನೀವೊಬ್ಬರೇ. ಈಗ ನೀವೇ ಮುಚ್ಚಿಟ್ರೆ ಅದು ವಿರೋಧಾಭಾಸ ಅಲ್ವಾ?"

"ಹೌದು ಕಣೋ. ನೀನು ಹೇಳೋದೆಲ್ಲ ಸರಿ. ಕಲ್ಲು ಜಾಗದಲ್ಲಿಲ್ಲ ಅಂದ್ರೆ ಕಿತ್ತು ಸರಿಯಾದ ಜಾಗಕ್ಕೆ ನೆಡ್ಸೋದು ನನ್ನ ಕೆಲ್ಸ. ಆದ್ರೆ ಈ ಕಲ್ಲು ಕಿತ್ರೆ ಎಲ್ಲಿ ನೆಡ್ಸ್ಲಿ ಹೇಳು? ಆಯಮ್ಮನ್ನ ಎಲ್ಲಿಗೆ ಕಳಿಸ್ಲಿ?" ಮುಚ್ಚಿದ ಪುಸ್ತಕವನ್ನು ಪಕ್ಕಕ್ಕಿಟ್ಟು ಅಂದರು: "ಪುಟ್ಟಿ ಇದನ್ನ ಇನ್ನೂ ಗಮನಿಸಿಲ್ಲ. ಗಮನಿಸದೇ ಇರ್ಲಿ. ಆ ಪುಟ ಬಂದಾಗ ಎಷ್ಟು ಖುಷಿಯಾಗಿ ಕೇಳ್ತಾಳೆ ಗೊತ್ತಾ ನಿಂಗೆ?"

ನಾನು ಒಪ್ಪಿದೆನೆಂದು ತಿಳಿಯಬೇಡಿ! ಸತ್ಯಕ್ಕೆ ರಿಯಾಯಿತಿ ಇಲ್ಲವೆಂದು ವೇದಿಕೆ ಕುಟ್ಟಿ ಹೇಳಿದವನು ನಾನು. ಮಾವ ಪಂಚೆ ಕೊಡವಿಕೊಂಡು ಹೊರಗೆ ಹೋದದ್ದೇ ತಡ, ಕರಡು ಪಟ್ಟಿಯ ಕೊನೆಗೆ ನನ್ನ ಅಕ್ಷರದಲ್ಲೇ ನಲವತ್ತೆರಡನೆಯದನ್ನು ಬರೆದುಬಿಟ್ಟೆ.

ಶುದ್ಧಪ್ರತಿ ಬರೆಯುವ ಕೆಲಸ ಪುಟ್ಟಿಯದು. ನಮ್ಮ ಮೂವರಲ್ಲಿ ಅವಳ ಅಕ್ಷರವೇ ದುಂಡು. ಅದು ನನಗೆ ಹೊಳೆದದ್ದು ಅವಳು ಶಾಲೆಯಿಂದ ಬಂದು, ಜಗಲಿಯಲ್ಲಿ ಕೂತು, ಬರೆದು ಮುಗಿಸಿದ ಮೇಲೆ! ಅವಳು ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. ಕೊನೆಯ ಹಾಳೆ ನೋಡಿದೆ. ನಲವತ್ತೊಂದಕ್ಕೆ ನಿಂತಿತ್ತು.

"ಪುಟ್ಟಿ, ಒಂದು ಬಿಟ್ಟಿದೀಯಲ್ಲ?"

ಅವಳು ಹಿತ್ತಲ ಕಡೆ ನೋಡಿ, ಅಪ್ಪ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದಳು.

"ಭಾವ, ಅದು ಅಪ್ಪಾಜಿಗೆ ಗೊತ್ತಿಲ್ಲ. ನಂಗೆ ಮೊದ್ಲಿಂದಾನೂ ಗೊತ್ತು. ಆ ಪುಟ ಓದೋವಾಗ ಅಪ್ಪಾಜಿ ದನಿ ಅಮ್ಮ ಇದ್ದಾಗಿನ ಥರಾನೇ ಇರ್ತದೆ. ತಪ್ಪು ಅಂತ ಗೊತ್ತಾದ್ರೆ ಮತ್ತೆ ಹಂಗೆ ಓದಲ್ಲ. ನೀನು ಹೇಳ್ಬೇಡ."

ನಾನು, ಬೆಳಗ್ಗೆ ಇದೆ ಎಂದು ಮಧ್ಯಾಹ್ನ ಇಲ್ಲ ಎನ್ನಬಲ್ಲವನು, ಕರಡಿನ ನಲವತ್ತೆರಡನೆಯ ಸಾಲನ್ನು ಹರಿದು ಜೇಬಿಗೆ ಹಾಕಿಕೊಂಡೆ. ಅಂಚೆ ಡಬ್ಬಿಗೆ ಪಟ್ಟಿ ಹಾಕಿ ಬಂದವನೂ ನಾನೇ.

ಸಂಪುಟ ಬಂದದ್ದು ಮರುವರ್ಷ. ಕಡೂರು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೊಂಡು, ನಿಂತಲ್ಲೇ ತೆರೆದೆ. ಕೆರೆ ಪೂರ್ವಕ್ಕೆ ಬಂದು ಭದ್ರವಾಗಿ ಕೂತಿತ್ತು. ಮುಕ್ಕಾದದ್ದು ಆದಿಯಿಂದ ಅಂತ್ಯದವರೆಗೆ ಎಡಗಿವಿಯೇ. ವಯಸ್ಸು ವರ್ಷಕ್ಕೊಂದರಂತೆ ಏರಿತ್ತು. ಐದನೆಯ ಭಾಗದ ಕೊನೆಯ ಪುಟ ತಿರುವಿದೆ. ಬಿಲದ ಬಾಗಿಲಲ್ಲಿ ಅವಳು ನಿಂತೇ ಇದ್ದಳು. ಕಡುಬು ಆರಿ ಹೋಗ್ತದೆ, ಬೇಗ ಬಾ.

ಪುಸ್ತಕ ಹಿಡಿದು ಅಜ್ಜಂಪುರದ ಬಸ್ಸು ಹತ್ತಿದೆ. ಮಾವ ಜಗಲಿಯಲ್ಲಿ ಹಳೆಯ ಮಹಜರಿನ ನಕಲನ್ನು ಮಡಿಲಲ್ಲಿಟ್ಟುಕೊಂಡು ಹೊಸ ಪುಸ್ತಕಕ್ಕೆ ಕಾಯುತ್ತಿದ್ದರು. ಐದು ರುಜುಗಳ ಕೆಳಗೆ ಇನ್ನೂ ಜಾಗವಿತ್ತು. ನಾನು ಅವರ ಜೇಬಿನಿಂದ ಪೆನ್ನು ತೆಗೆದುಕೊಂಡೆ.

"ಯಾಕೋ ಅಳಿಯಾ? ನಿನ್ನ ತತ್ವ?"

ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಲಿಲ್ಲ. ಆರನೆಯ ರುಜು ಹಾಕಿದೆ.