ತಲೆಯಿಲ್ಲದ ನವಿಲುಗಳು

ಬನಹಟ್ಟಿಯ ಮಹಾಲಿಂಗಪ್ಪನ ಮಗ್ಗ ಬೆಳಗಾಗುತ್ತಲೇ ಸೆರಗಿನ ಮೇಲೆ ತಲೆಯಿಲ್ಲದ ನವಿಲುಗಳನ್ನು ನೇಯತೊಡಗಿತು. ಡಿಜೈನ್ ಬಿಡಿಸಿಕೊಟ್ಟವನು ದುರಗೇಶ. ಎಲ್ಲರೂ ಅವನನ್ನೇ ನೋಡಿದರು.

"ಡಿಜೈನ್ ಛಲೋ ಐತ್ರಿ ಮಾಲಕರ. ಚಿತ್ತಾರ ಮೂಡಸೂ ಜಕಾರ್ಡ್ ನಡಸೂ ಡಬ್ಬಿ ಐತೆಲ್ರಿ, ಅದರೊಳಗಿನ ಸಾಫ್ಟ್‌ವೇರ್, ಫರ್ಮ್‌ವೇರ್ ಅಂತಾರ, ಅದು ಕೆಟ್ಟೈತಿ. ಕಂಪನಿಯವರು ಹೊಸಾದು ಬಿಟ್ಟಾರ. ಹಾಕಿದ್ರ ಆತು," ಎಂದ ಅವನು.

ಹಾಕುವುದೇ ಕಷ್ಟವಾಗಿತ್ತು. ಕಂಪನಿಯ ಫೈಲು ವಿಂಡೋಸ್‌ನಲ್ಲಷ್ಟೇ ತೆರೆಯುತ್ತಿತ್ತು. ದುರಗೇಶನ ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸ್. ಕಂಪನಿಗೆ ಫೋನ್ ಹಚ್ಚಿದ.

"ಲಿನಕ್ಸ್‌ಗೆ ನಮ್ಮಲ್ಲಿ ಸಪೋರ್ಟ್ ಇಲ್ಲ ಸರ್. ವಿಂಡೋಸ್ ಹಾಕ್ಕೊಂಡು ಮತ್ತೆ ಫೋನ್ ಮಾಡಿ," ಎಂದು ಆ ಕಡೆಯ ಹುಡುಗಿ ಅಂಟುರೋಗದವನ ಜೊತೆ ಮಾತಾಡಿದಂತೆ ಥಟ್ಟನೆ ಫೋನಿಟ್ಟಳು.

ಕಂಡಿಕಿಗೆ ನೂಲು ಸುತ್ತುತ್ತಿದ್ದ ಮಹಾಲಿಂಗಪ್ಪನ ತಾಯಿ ಬೋರವ್ವ ಕೇಳಿದಳು: "ಊರ ಮಂದಿಗಿಲ್ಲದ್ದು ನಿನಗ್ಯಾಕ ಬೇಕಾಗಿತ್ತೋ ತಮ್ಮಾ?"

"ಪುಕ್ಕಟ ಸಿಗತೈತಿ ಆಯಿ. ವೈರಸ್ ಬರೂದಿಲ್ಲ."

"ವೈರಸ್ಸೂ ಬ್ಯಾಡಂದ ಜಾಗಾ ಅದು," ಎಂದ ಪಕ್ಕದ ಝೆರಾಕ್ಸ್ ಅಂಗಡಿಯ ಧರ್ಮರಾಜ. ಯಾರೂ ಕರೆಯದೆಯೇ ಬಂದಿದ್ದ. "ಕೊಡಿಲ್ಲೆ, ನಾ ವಿಂಡೋಸ್ ಹಾಕ್ತೇನಿ."

ಸಂಜೆಗೆ ಸಾವಳಗಿಯವರು ಮದುವೆ ಸೀರೆ ಒಯ್ಯಲು ಬರುವವರಿದ್ದರು. ಮಹಾಲಿಂಗಪ್ಪನ ಮುಖ ನೋಡಿ ದುರಗೇಶ ಲ್ಯಾಪ್‌ಟಾಪ್ ಕೊಟ್ಟ. "ವಿಂಡೋಸಕ್ಕ ಒಂದ ಮೂಲಿ ಅಷ್ಟ ಕೊಡು, ಉಳಿದದ್ದು ಮುಟ್ಟಬ್ಯಾಡ," ಎಂದು ಹೇಳಿ ಚಹಾ ತರಲು ಹೋದ.

ಮರಳಿ ಬಂದಾಗ ಧರ್ಮರಾಜ ಅಂಗಳ ಸಾರಿಸಿ ರಂಗೋಲಿ ಹಾಕಿದವನಂತೆ ಕೂತಿದ್ದ. "ಹಳೇದೆಲ್ಲಾ ಅಳಿಸಿ ಸ್ವಚ್ಛ ಮಾಡೇನಿ."

"ನನ್ನ ಡಿಜೈನ್?"

"ಅವೂ ಹಳೇವ ಅಲ್ಲೇನು?"

ವರ್ಷಗಟ್ಟಲೆ ಕಣ್ಣು ಕೀಲಿಸಿ ಬಿಡಿಸಿದ ಸೆರಗು, ದಡಿ ಎಲ್ಲ ಹೋಗಿದ್ದವು. ಅಳಲಿಕ್ಕೂ ಪುರುಸೊತ್ತಿರಲಿಲ್ಲ. ದುರಗೇಶ ಕೇಬಲ್ ಚುಚ್ಚಿ ಹೊಸ ಫರ್ಮ್‌ವೇರ್ ಏರಿಸಿದ. ಡಬ್ಬಿಯ ಪುಟ್ಟ ಪರದೆ ಆರಿ ಮತ್ತೆ ಹೊತ್ತಿತು. ಅದರ ಮೇಲೆ ಅಕ್ಷರಗಳು ಸಾಲುಗಟ್ಟಿ ಓಡಿದವು. ಅವನ್ನು ಓದಿದ ದುರಗೇಶನಿಗೆ ಮೈ ಉರಿಯಿತು.

"ಅಲ್ಲಾ, ಈ ಡಬ್ಬಿಯೊಳಗ ಓಡೂದ ಲಿನಕ್ಸ್," ಅಂದುಬಿಟ್ಟ.

ಮಗ್ಗ ಹೊರಟಿತು. ಡಬ್ಬಿಯಲ್ಲೇ ಉಳಿದಿದ್ದ ಡಿಜೈನಿನ ನವಿಲಿಗೆ ತಲೆಯೂ ಬಂತು. ಮಹಾಲಿಂಗಪ್ಪ ಮಾತ್ರ ಸೀರೆಯ ಕಡೆ ನೋಡದೆ ಡಬ್ಬಿಯನ್ನೇ ದಿಟ್ಟಿಸಿದ.

"ಅಂದ್ರ ನಿನ್ನ ಲ್ಯಾಪ್‌ಟಾಪಿಂದ ತಗದದ್ದು ನಮ್ಮ ಮಗ್ಗಕ್ಕ ಹೊಕ್ಕೈತಿ."

"ಹಂಗಲ್ರಿ ಮಾಲಕರ, ಕಂಪನಿಯವರ ಮೊದಲಿಂದ..."

"ಆ ಕಂಪನಿ ಹುಡುಗಿ ಖರೇನ ಹೇಳ್ಯಾಳ, ಅದು ಬ್ಯಾಡಂತ." ಮಹಾಲಿಂಗಪ್ಪ ಧರ್ಮರಾಜನತ್ತ ತಿರುಗಿದ. "ನಾಳಿಂದ ಡಿಜೈನ್ ಕೆಲಸ ನೀ ನೋಡ್ಕೋಪಾ. ನಿನ್ನ ಕಡೆ ವಿಂಡೋಸ್ ಐತೆಲ್ಲ."

ಹುಟ್ಟಿದಾಗಿನಿಂದ ಒಂದು ದಡಿಯನ್ನೂ ಬಿಡಿಸದ ಧರ್ಮರಾಜ ವಿನಯದಿಂದ ತಲೆಯಾಡಿಸಿದ.